ಪಾಂಡವಪುರದ ಜಮೀನಿಗೆ ಕರಾರಿನ ಮುನ್ನವೇ ಮಾಡಿಸಿದ ಅಳತೆ: ಒಬ್ಬ ಖಾಸಗಿ ಸರ್ವೆಯರ್ ಸೇವೆಯ ವಿಮರ್ಶೆ

ಪಾಂಡವಪುರ ತಾಲ್ಲೂಕಿನಲ್ಲಿ, ವಿಶ್ವೇಶ್ವರಯ್ಯ ನಾಲೆಯ ಅಚ್ಚುಕಟ್ಟಿನಲ್ಲಿರುವ 1 ಎಕರೆ 8 ಗುಂಟೆ ಜಮೀನಿಗೆ ಮಾತುಕತೆ ಮುಗಿದಾಗ, ಮುಂಗಡ ಕೊಡುವ ಮೊದಲೇ ಅಳತೆಯಾಗಬೇಕೆಂದು ನಾನು ಪಟ್ಟು ಹಿಡಿದೆ. ಮಂಡ್ಯದ ಖಾಸಗಿ ಸರ್ವೆಯರ್ ಒಬ್ಬರನ್ನು ಪರಿಚಿತರೊಬ್ಬರು ಸೂಚಿಸಿದರು. ಅವರ ಕೆಲಸದಿಂದ ನನಗಾದ ಪ್ರಯೋಜನವನ್ನೂ ಕಂಡ ಕೊರತೆಗಳನ್ನೂ ಇಲ್ಲಿ ಬರೆಯುತ್ತಿದ್ದೇನೆ.

ಅವರು ಮೊದಲ ದಿನ ಯಂತ್ರವನ್ನೇ ತರಲಿಲ್ಲ. ಪಹಣಿ, ಆಕಾರಬಂದ್ (ವಿಸ್ತೀರ್ಣ, ಕಂದಾಯಗಳ ಮೂಲ ದಾಖಲೆ), ಹಿಸ್ಸಾ ಟಿಪ್ಪಣಿ (ಸರ್ವೆ ನಂಬರಿನ ಒಂದು ಪಾಲಿನ ಅಳತೆ ಬರೆದಿಟ್ಟ ಸರ್ವೆ ದಾಖಲೆ) ಮತ್ತು ಗ್ರಾಮನಕ್ಷೆಯ ಪ್ರತಿಗಳನ್ನು ತರಿಸಿಕೊಂಡು, "ಯಾರ ಹೆಸರಿನಲ್ಲಿ ಎಷ್ಟಿದೆ ಎಂಬುದು ಪಹಣಿಯಲ್ಲಿ ಸಿಗುತ್ತದೆ, ಗಡಿ ಎಲ್ಲಿ ಬರುತ್ತದೆ ಎಂಬುದಕ್ಕೆ ಟಿಪ್ಪಣಿಯನ್ನೇ ನೋಡಬೇಕು" ಎಂದರು. ನಮ್ಮ ಮೊದಲ ತಪ್ಪು ಸಿಕ್ಕಿದ್ದು ಆ ಕಾಗದಗಳಲ್ಲೇ. ಒಟ್ಟು 48 ಗುಂಟೆಯಲ್ಲಿ 3 ಗುಂಟೆ ಕಾಲುವೆಗೆ ಹೋದ 'ಬಿ' ಖರಾಬು, ಅಂದರೆ ಸಾರ್ವಜನಿಕ ಬಳಕೆಗೆ ಬಿಟ್ಟ, ಸಾಗುವಳಿಗೆ ಸೇರದ ಜಾಗ. ಅದು ಸಾರ್ವಜನಿಕ ಸ್ವತ್ತಾದ್ದರಿಂದ ಮಾರುವ ಹಕ್ಕು ಯಾರಿಗೂ ಇಲ್ಲ. ಮಧ್ಯವರ್ತಿ ಮಾತ್ರ 48 ಗುಂಟೆಗೂ ಬೆಲೆ ಕಟ್ಟಿದ್ದರು, ಪಹಣಿಯ 'ಉಳಿದದ್ದು' ಎಂಬ ಅಂಕಣವನ್ನು ನಾನೂ ಓದಿರಲಿಲ್ಲ.

ಎರಡನೆಯ ತಪ್ಪು ನೆಲದ ಮೇಲಿತ್ತು. ಟೋಟಲ್ ಸ್ಟೇಷನ್ ಎಂಬ ಅಳತೆಯ ಯಂತ್ರ ಇಟ್ಟು, ಉಳಿದಿದ್ದ ಎರಡು ಬಾಂದು ಕಲ್ಲುಗಳನ್ನು (ಗಡಿಕಲ್ಲುಗಳನ್ನು) ಆಧಾರ ಮಾಡಿಕೊಂಡು ಅಳೆದಾಗ, ಉಳುಮೆಯಲ್ಲಿ ವರ್ಷವರ್ಷವೂ ಸರಿಯುತ್ತ ಬಂದ ಪೂರ್ವದ ಬದು ಈ ಜಮೀನಿನ ಒಂದೂವರೆ ಗುಂಟೆಯನ್ನು ಪಕ್ಕದ ಜಮೀನಿನೊಳಗೆ ಎಳೆದುಕೊಂಡಿರುವುದು ತಿಳಿಯಿತು. ಗುಂಟೆಗೆ 1,089 ಚದರ ಅಡಿಯಂತೆ ಲೆಕ್ಕ ಹಾಕಿದರೆ ಇದು ಮೈಸೂರಿನ 30×40 ನಿವೇಶನಕ್ಕಿಂತ ದೊಡ್ಡ ಜಾಗ. ನಾನು ಅದಕ್ಕೆ ಮೊದಲು ಸರ್ವೆ ನಂಬರ್ ತೋರಿಸುವ ಸರ್ಕಾರಿ ದಿಶಾಂಕ್ ಆ್ಯಪ್ ಹಿಡಿದು ಬದುವಿನ ಮೇಲೆ ನಡೆದು ಎಲ್ಲವೂ ಸರಿಯಿದೆ ಎಂದುಕೊಂಡಿದ್ದೆ. ನಿಂತ ಜಾಗದ ಸರ್ವೆ ನಂಬರ್ ತಿಳಿಯಲು ಅದು ಬಹಳ ಉಪಯುಕ್ತ, ಆದರೆ ಮೊಬೈಲಿನ ಜಿಪಿಎಸ್ ಕೆಲವು ಮೀಟರ್ ಆಚೀಚೆಯಾಗುವುದರಿಂದ ಗಡಿ ನಿರ್ಧಾರಕ್ಕೆ ಅದನ್ನು ನಂಬುವಂತಿಲ್ಲ.

ನನಗೆ ಅವರ ಮೇಲೆ ಗೌರವ ಮೂಡಿದ್ದು ಇದರ ನಂತರ. ತಮ್ಮ ನಕ್ಷೆಗೆ ಸರ್ಕಾರಿ ಮಾನ್ಯತೆ ಇಲ್ಲವೆಂದೂ, ಮಾರುವವರೇ ಹದ್ದುಬಸ್ತಿಗೆ (ಸರ್ಕಾರಿ ಗಡಿ ಗುರುತಿಗೆ) ಅರ್ಜಿ ಹಾಕಿ, ಅಕ್ಕಪಕ್ಕದ ಹಿಡುವಳಿದಾರರಿಗೆ ನೋಟಿಸು ತಲುಪಿದ ಮೇಲೆ, ಸರ್ಕಾರಿ ಭೂಮಾಪಕರಿಂದ ಗಡಿ ಗುರುತು ಮಾಡಿಸಿಕೊಳ್ಳಬೇಕೆಂದೂ ಅವರು ತಾವಾಗಿಯೇ ಹೇಳಿದರು. ಸರ್ವೆ ನಂಬರಿನ ಒಂದು ಭಾಗವನ್ನಷ್ಟೇ ಕೊಳ್ಳುವುದಾಗಿದ್ದರೆ ಆ ಭಾಗವನ್ನು ಗುರುತಿಸುವ 11ಇ ನಕ್ಷೆ ಬೇಕಾಗುತ್ತಿತ್ತು. ನಮ್ಮದು ಪೋಡಿಯಾದ, ಅಂದರೆ ದಾಖಲೆಯಲ್ಲಿ ಆಗಲೇ ಬೇರ್ಪಟ್ಟ, ಇಡೀ ಹಿಸ್ಸಾ. ಹಳೆಯ ಕ್ರಯಪತ್ರದ ಚೆಕ್ಕುಬಂದಿಯಲ್ಲಿ (ನಾಲ್ಕು ದಿಕ್ಕಿನ ಗಡಿ ವಿವರದಲ್ಲಿ) ತೀರಿಹೋದವರ ಹೆಸರುಗಳೇ ಉಳಿದಿದ್ದುದನ್ನೂ ಅವರೇ ತೋರಿಸಿಕೊಟ್ಟರು. ಹದ್ದುಬಸ್ತಿನ ದಿನ ಟಿಪ್ಪಣಿಯ ಅಳತೆ ನೋಡಿದ ಪಕ್ಕದ ಜಮೀನಿನ ಹಿರಿಯರು ತಕರಾರಿಲ್ಲದೆ ಕಲ್ಲು ನೆಡಲು ಒಪ್ಪಿದರು, ಕ್ರಯ 45 ಗುಂಟೆಗೇ ಆಯಿತು.

ಕೊರತೆಗಳೂ ಇವೆ. ಆಳೆತ್ತರದ ಕಬ್ಬು ಯಂತ್ರದ ದೃಷ್ಟಿಗೆ ಅಡ್ಡವಾಗಿ ಮೊದಲ ಅಳತೆ ಅರ್ಧಕ್ಕೆ ನಿಂತಿತು. ಕಟಾವಿನ ನಂತರ ಬರುತ್ತೇನೆಂದು ಅವರು ಮೊದಲೇ ಹೇಳಿದ್ದರೆ ಒಂದು ದಿನದ ಖರ್ಚು ಉಳಿಯುತ್ತಿತ್ತು. ನಕ್ಷೆಯೂ ಬರೀ ಮೀಟರಿನಲ್ಲಿತ್ತು, ಮಾರುವವರಿಗೆ ಅರ್ಥವಾಗಲಿಲ್ಲ. ಅವರಿಂದ ಅಳತೆ ಮಾಡಿಸುವವರು ಗುಂಟೆ, ಆಣೆಗಳ (ಗುಂಟೆಯ ಹದಿನಾರನೇ ಒಂದು ಭಾಗ) ಲೆಕ್ಕವನ್ನೂ ಬರೆದುಕೊಡುವಂತೆ ಮೊದಲೇ ಕೇಳಿಕೊಳ್ಳಿ.