ಕಬ್ಬಿಣದ ಒಲೆಯೋ, ಅಸ್ತ್ರ ಒಲೆಯೋ: ಎರಡನ್ನೂ ಕೂರಿಸಿ ನೋಡಿದ ಮೇಲೆ

ಮೊದಲೇ ಹೇಳಿಬಿಡ್ತೀನಿ, ನನ್ನ ಓಟು ಅಸ್ತ್ರ ಒಲೆಗೆ, ಅಂದರೆ ಇಟ್ಟಿಗೆ, ಮಣ್ಣಲ್ಲಿ ಕಟ್ಟುವ ಮೂರು ಪಾತ್ರೆಯ ಸೌದೆ ಒಲೆಗೆ.

ಮೂರು ವರ್ಷದ ಹಿಂದೆ, ಮಳೆಗಾಲಕ್ಕೆ ಮುಂಚೆ, ತೀರ್ಥಹಳ್ಳಿ ಕಡೆಯ ನಮ್ಮ ಹೆಂಚಿನ ಮನೆಗೆ ರೆಡಿಮೇಡ್ ಕಬ್ಬಿಣದ ಒಲೆ ತಂದೆವು. 9,000 ರೂಪಾಯಿ. ಮೇಸ್ತ್ರಿ ಸುತ್ತ ಇಟ್ಟಿಗೆ ಕಟ್ಟಿ, ಸಿಮೆಂಟ್ ತುಂಬಿ ಬಿಗಿ ಮಾಡಿಕೊಟ್ಟರು. ನೋಡೋಕೆ ಚೆಂದವಿತ್ತು. ಆದರೆ ಕಬ್ಬಿಣ ಕಾದರೆ ಹಿಗ್ಗುತ್ತದೆ ಅಲ್ವಾ? ಜಾಗ ಸಿಗದೆ ತಿಂಗಳೊಳಗೆ ಮೂಲೆಯ ಇಟ್ಟಿಗೆ ಸೀಳಿತು. ನಡುವೆ ಅರ್ಧ ಇಂಚು ಸಂದು ಬಿಡಬೇಕಿತ್ತು.

ಅದನ್ನಾದರೂ ಸರಿ ಮಾಡಬಹುದಿತ್ತು. ದೊಡ್ಡ ಗೋಳು ಹೊಗೆ ಕೊಳವೆಯದು. ಪಕಾಸಿಯಿಂದ (ಹೆಂಚಿನ ಮಾಡು ಹೊರುವ ಮರ) ಬರೀ ನಾಲ್ಕು ಬೆರಳು ದೂರದಲ್ಲಿ ಅದು ಹೆಂಚು ದಾಟುತ್ತಿತ್ತು. "ನಡುವೆ ಇಟ್ಟಿಗೆ ಇಟ್ಟಿದ್ದೀನಲ್ಲ ಅಕ್ಕ, ಏನೂ ಆಗಲ್ಲ" ಅಂದರು ಮೇಸ್ತ್ರಿ. ನಂಬಿದೆ. ಆಗಸ್ಟ್‌ನ ಒಂದು ಸಂಜೆ ಅಡುಗೆಮನೆಯಲ್ಲಿ ಸುಟ್ಟ ವಾಸನೆ. ಒಲೆಯ ಸೌದೆಯದಲ್ಲ, ಹಳೇ ಮರದ್ದು. ಅತ್ತೆ ಏಣಿ ಹಿಡಿದರು, ನಾನು ಹತ್ತಿದೆ. ಪಕಾಸಿಯ ಒಂದು ಬದಿ ಗೇಣುದ್ದ ಕಪ್ಪಾಗಿತ್ತು. ಉಗುರಲ್ಲಿ ಕೆರೆದರೆ ಇದ್ದಿಲು ಪುಡಿಪುಡಿಯಾಗಿ ಉದುರಿತು. ಪಕ್ಕದ ಅಟ್ಟದಲ್ಲಿ ಒಣ ಅಡಿಕೆ ಹಾಳೆಯ ರಾಶಿ ಇತ್ತು. ಆ ರಾತ್ರಿ ನಮಗ್ಯಾರಿಗೂ ನಿದ್ದೆ ಬರಲಿಲ್ಲ.

ಇಟ್ಟಿಗೆ ಉರಿಯಲ್ಲ, ನಿಜ. ಆದರೆ ಮರಕ್ಕೆ ತಾಗಿಸಿಟ್ಟರೆ ಕಾವು ನಿಧಾನಕ್ಕೆ ಆ ಕಡೆ ದಾಟುತ್ತದೆ. ದಿನಾ ಹಾಗೆ ಕಾದ ಮರ ಇದ್ದಿಲಾಗುತ್ತಾ ಹೋಗಿ, ಕೊನೆಗೆ ಕಡಿಮೆ ಕಾವಿಗೇ ಹೊತ್ತಿಕೊಳ್ಳಬಹುದು. ಇಟ್ಟಿಗೆಗೂ ಮರಕ್ಕೂ ನಡುವೆ ಗಾಳಿಯಾಡಲು ಕನಿಷ್ಠ ಒಂದು ಇಂಚು ಬೇಕು. ಒಂಟಿ ತಗಡಿನ ಕೊಳವೆಯಿಂದ ಮರ 18 ಇಂಚು ದೂರ ಇರಬೇಕು.

ಮುಂದಿನ ಬೇಸಿಗೆಯಲ್ಲಿ ಅದನ್ನು ಕಿತ್ತು ಅಸ್ತ್ರ ಒಲೆ ಕಟ್ಟಿಸಿದೆವು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಹಳ್ಳಿಗಳಿಗೆ ಬೇಕಾದ ತಂತ್ರಜ್ಞಾನಕ್ಕೆಂದು 1974ರಲ್ಲಿ ಶುರುವಾದ ಅಸ್ತ್ರ ಕೇಂದ್ರದವರು ರೂಪಿಸಿದ ಒಲೆ ಇದು. ಇಲ್ಲಿ ಇಟ್ಟಿಗೆ, ಮಣ್ಣೇ ಒಲೆಯ ಮೈ. ಹಿಗ್ಗಿ ಸೀಳುವ ಕಬ್ಬಿಣದ ಪೆಟ್ಟಿಗೆ ಒಳಗಿಲ್ಲ. ಜಾಲರಿ ಮೇಲಿನ ಬೆಂಕಿ ಮೊದಲ ಪಾತ್ರೆ ಕಾಯಿಸಿ, ಇನ್ನೆರಡು ಪಾತ್ರೆಗಳ ತಳ ಸವರಿಕೊಂಡು ಕೊಳವೆಗೆ ಹೋಗುತ್ತದೆ. ಅನ್ನ, ಸಾರು, ಬಿಸಿನೀರು ಒಂದೇ ಉರಿಯಲ್ಲಿ. ಹೆಚ್ಚು ಕಾವು ಪಾತ್ರೆಗೆ ಹೋಗುವುದರಿಂದ ಕೊಳವೆ ಮೊದಲಿನಷ್ಟು ಸುಡುವುದಿಲ್ಲ. ಆದರೂ 18 ಇಂಚು ಬಿಟ್ಟೇ ಕಟ್ಟಿಸಿದ್ದು.

ತೊಂದರೆ ಇಲ್ಲದಿಲ್ಲ. ಪಾತ್ರೆ ಒಲೆಯ ಬಾಯಿಗೆ ಸರಿಯಾಗಿ ಕೂರಬೇಕು, ಸಂದು ಉಳಿದರೆ ಹೊಗೆ ಒಳಗೇ. ದಿಢೀರನೆ ಒಂದು ಲೋಟ ಕಾಫಿಗೆ ಕಬ್ಬಿಣದ್ದೇ ವಾಸಿ. ಮಸಿ ತೆಗೆಯುವ ಕೆಲಸ ಎರಡಕ್ಕೂ ಒಂದೇ. ಹಸಿ ಸೌದೆ ಎರಡಕ್ಕೂ ಬೇಡ.

ನಮಗೆ ತೋಟದ ಸೌದೆ ಇದೆ, ದಿನಕ್ಕೆರಡು ಹೊತ್ತು ಒಲೆ ಉರಿಯುತ್ತದೆ, ಖರ್ಚೂ 5,000 ದಾಟಲಿಲ್ಲ. ಬಾಡಿಗೆ ಮನೆಯವರಾದರೆ ಕಬ್ಬಿಣದ್ದೇ ತಗೊಳ್ಳಿ, ಹೋಗುವಾಗ ಒಯ್ಯಬಹುದು. ಆದರೆ ಕೊಳವೆ ಕೂರಿಸುವ ದಿನ ಟೇಪು ಹಿಡಿದು ನೀವೇ ಏಣಿ ಹತ್ತಿ.