ಸೆಕೆಂಡ್ ಹ್ಯಾಂಡ್ ಡೀಸೆಲ್ ಕಾರ್ ತಗೊಂಡಿದೀರಾ? ಟೈಮಿಂಗ್ ಬೆಲ್ಟ್ ಬಿಲ್ ಕೈಲಿದ್ಯಾ ಮೊದ್ಲು ನೋಡ್ಕೊಳ್ಳಿ

ನಮ್ಮ ಎದುರುಮನೆಯವ್ರು ಹೋದ ವಾರ ಒಂದು ಹಳೇ ಡೀಸೆಲ್ ಗಾಡಿ ತಂದು ನಿಲ್ಲಿಸಿದ್ರು, 2015ರ ಮಾಡೆಲ್, ಮೀಟರಲ್ಲಿ 61,000. ಖುಷೀಲಿ ಕರೆದು ತೋರಿಸಿದ್ರು. ಟೈಮಿಂಗ್ ಬೆಲ್ಟ್, ಅಂದ್ರೆ ಎಂಜಿನ್ ಭಾಗಗಳನ್ನ ತಾಳ ತಪ್ಪದ ಹಾಗೆ ಓಡಿಸೋ ರಬ್ಬರ್ ಬೆಲ್ಟ್, ಯಾವಾಗ ಹಾಕ್ಸಿರೋದು ಅಂತ ಕೇಳಿದೆ. "ಬೆಲ್ಟ್ ಗಿಲ್ಟ್ ಎಲ್ಲಾ ಹೊಸದಂತೆ ಕಣ್ರೀ, ಮಾರಿದೋರೇ ಹೇಳಿದ್ರು" ಅಂದ್ರು. ನಂಗೆ ಎದೆ ಝಲ್ ಅಂತು. ಇದೇ ಮಾತು ನಂಬ್ಕೊಂಡು ನಾನು ಎರಡೂವರೆ ವರ್ಷ ಗಾಡಿ ಓಡ್ಸಿ, ಕೊನೆಗೆ ಅತ್ತೇನೂ ಮಗಳನ್ನೂ ಕೂರಿಸ್ಕೊಂಡು ಪೀಣ್ಯ ಫ್ಲೈಓವರ್ ಮಧ್ಯದಲ್ಲಿ ನಿಂತಿದ್ದು. ಅದಕ್ಕೇ ಇದನ್ನ ಬರೀತಿದೀನಿ, ಸ್ವಲ್ಪ ಉದ್ದ ಆಗುತ್ತೆ, ದಯವಿಟ್ಟು ಪೂರ್ತಿ ಓದಿ.

ನನ್ನ ಗಾಡಿ 2014ರದ್ದು. 2021ರ ಜನವರೀಲಿ ಒಬ್ಬ ಡೀಲರ್ ಮೂಲಕ ತಗೊಂಡೆ, ಮೀಟರ್ 54,000 ತೋರಿಸ್ತಿತ್ತು. ಕಾರ್ ಕಂಪನಿ ಹೆಸರು ಬರೆಯಲ್ಲ, ಗಾಡೀದು ಏನೂ ತಪ್ಪಿಲ್ಲ. ಬೆಲ್ಟ್ ಬಗ್ಗೆ ಕೇಳಿದ್ದಕ್ಕೆ ಆ ಮನುಷ್ಯ ಒಂದು ಬಿಲ್ ತೆಗೆದು ತೋರಿಸಿದ. ಅದರಲ್ಲಿ ನಿಜವಾಗ್ಲೂ "ಬೆಲ್ಟ್ 1,150 ರೂ" ಅಂತ ಇತ್ತು. ನಾನು ನೋಡಿ ಸಮಾಧಾನ ಮಾಡ್ಕೊಂಡೆ. ಅದು ಹೊರಗಡೆ ಕಾಣೋ, ಬ್ಯಾಟರಿ ಚಾರ್ಜ್ ಮಾಡೋ ಆಲ್ಟರ್ನೇಟರಿನ ಬೆಲ್ಟ್ ಅಂತ ಗೊತ್ತಾಗಿದ್ದು ಎಲ್ಲಾ ಮುಗಿದ ಮೇಲೆ. ಟೈಮಿಂಗ್ ಬೆಲ್ಟ್ ಬೇರೇನೇ, ಅದು ಎಂಜಿನ್ ಪಕ್ಕದಲ್ಲಿ ಪ್ಲಾಸ್ಟಿಕ್ ಕವರ್ ಒಳಗೆ ಇರುತ್ತೆ, ಬಾನೆಟ್ ಎತ್ತಿದ್ರೆ ಕಾಣೋದೇ ಇಲ್ಲ. ಬಿಲ್ಲಲ್ಲಿ ಬರೀ ಬೆಲ್ಟ್ ಅಂತ ಇದ್ರೆ ಅದನ್ನ ಲೆಕ್ಕಕ್ಕೇ ತಗೋಬೇಡಿ. "ಟೈಮಿಂಗ್ ಬೆಲ್ಟ್ ಕಿಟ್" ಅಂತ ಪಾರ್ಟ್ ನಂಬರ್ ಸಮೇತ ಇರ್ಬೇಕು, ಎಷ್ಟು ಕಿಲೋಮೀಟರಲ್ಲಿ ಹಾಕಿದ್ದು ಅಂತಾನೂ ಇರ್ಬೇಕು.

2023ರ ಆಗಸ್ಟ್, ಒಂದು ಶನಿವಾರ. ತುಮಕೂರಲ್ಲಿ ನಾದಿನಿ ಸೀಮಂತ, ಬೆಳಿಗ್ಗೆ ಬೇಗ ಹೋಗ್ಬೇಕು ಅಂತ ರಾಜಾಜಿನಗರದಿಂದ ಆರೂವರೆಗೇ ಹೊರಟ್ವಿ. ಡಿಕ್ಕೀಲಿ ಬಳೆ, ಹೂವು, ಹಣ್ಣಿನ ತಟ್ಟೆಗಳು. ಗೊರಗುಂಟೆಪಾಳ್ಯದ ಹತ್ರ ಫ್ಲೈಓವರ್ ಹತ್ತಿ ಒಂದೆರಡು ಕಿಲೋಮೀಟರ್ ಹೋಗಿರ್ಬೇಕು, ಎಪ್ಪತ್ತರ ಸ್ಪೀಡಲ್ಲಿದ್ದೆ, ಟಪ್ ಅಂತ ಒಂದೇ ಒಂದು ಸದ್ದು. ಅಷ್ಟೇ. ಎಂಜಿನ್ ಆಫ್. ಬ್ಯಾಟರಿ ಲೈಟು ಆಯಿಲ್ ಲೈಟು ಎಲ್ಲಾ ಒಟ್ಟಿಗೆ ಹತ್ಕೊಂಡ್ವು, ಸ್ಟೇರಿಂಗ್ ಕಲ್ಲಿನ ಥರ ಆಯ್ತು, ಬ್ರೇಕ್ ಎರಡು ಸಲ ಒತ್ತೋ ಅಷ್ಟ್ರಲ್ಲಿ ಅದೂ ಗಟ್ಟಿಯಾಯ್ತು, ಯಾಕಂದ್ರೆ ಬ್ರೇಕಿಗೆ ವ್ಯಾಕ್ಯೂಮ್ ಕೊಡೋ ಪಂಪೂ ಎಂಜಿನಿಂದಾನೇ ಓಡೋದು. ಹಿಂದೆ ಕಾರು ಟೆಂಪೋಗಳು ಹಾರ್ನ್ ಹೊಡ್ಕೊಂಡು ಪಕ್ಕದಲ್ಲೇ ಭರ್ರಂತ ಹೋಗ್ತಿವೆ. ಆ ಫ್ಲೈಓವರ್ ಮೇಲೆ ಸೈಡಿಗೆ ಹಾಕೋಕೆ ಜಾಗ ಎಲ್ಲಿದೆ ಹೇಳಿ. ಹೇಗೋ ಗೋಡೆ ಪಕ್ಕ ತಂದು ನಿಲ್ಲಿಸಿದೆ, ಇಂಡಿಕೇಟರ್ ನಾಲ್ಕೂ ಹಾಕಿದೆ. ಅತ್ತೆ ದೇವರ ಹೆಸರು ಹೇಳ್ತಾ ಕೂತಿದ್ರು, ಮಗಳು ಅಳೋಕೆ ಶುರು ಮಾಡಿದ್ಳು.

ಇಲ್ಲಿ ನಾನು ಒಂದು ತಪ್ಪು ಮಾಡಿದೆ. ಗಾಬರೀಲಿ ಮೂರು ನಾಲ್ಕು ಸಲ ಸೆಲ್ಫ್ ಹೊಡೆದೆ. ಆ ಶಬ್ದ ಮಾಮೂಲಿ ಥರ ಇರ್ಲಿಲ್ಲ, ಕಷ್ಟ ಪಟ್ಟು ತಿರುಗೋ "ಗುರ್ ಗುರ್" ಅಲ್ಲ, ಯಾವ ತಡೆಯೂ ಇಲ್ಲದ ಹಾಗೆ ಸಲೀಸಾಗಿ ಗಿರ್ರಂತ ತಿರುಗ್ತಿತ್ತು. ಈ ಶಬ್ದ ನೆನಪಿಟ್ಕೊಳ್ಳಿ. ಓಡ್ತಿದ್ದ ಎಂಜಿನ್ ಆಫ್ ಆಗಿ, ಆಮೇಲೆ ಸೆಲ್ಫ್ ಹೊಡೆದಾಗ ಹಿಂಗೆ ಹಗುರವಾಗಿ ತಿರುಗಿದ್ರೆ ಬೆಲ್ಟ್ ಹೋಗಿರೋ ಚಾನ್ಸ್ ತುಂಬಾ ಜಾಸ್ತಿ, ಕಂಪ್ರೆಷನ್ನೇ (ಎಂಜಿನ್ ಒಳಗೆ ಗಾಳಿ ಒತ್ತೋದು) ಇಲ್ಲ ಅಂತ ಅರ್ಥ. ಅಲ್ಲಿಗೆ ಕೀ ತೆಗೆದು ಬ್ಯಾಗಿಗೆ ಹಾಕ್ಬಿಡಿ. ಬೈಕಲ್ಲಿ ಹೋಗ್ತಿದ್ದ ಇಬ್ಬರು ಹುಡುಗ್ರು ಪಾಪ ನಿಲ್ಲಿಸಿ "ಅಕ್ಕಾ, ತಳ್ತೀವಿ, ಸೆಕೆಂಡ್ ಗೇರಲ್ಲಿ ಕ್ಲಚ್ ಬಿಡಿ" ಅಂದ್ರು. ನಾನು ಒಪ್ಕೊಂಡೂ ಬಿಟ್ಟಿದ್ದೆ, ಅಷ್ಟ್ರಲ್ಲಿ ಟ್ರಾಫಿಕ್ ಪೊಲೀಸ್ನೋರು ಬಂದು ಮೊದ್ಲು ಗಾಡಿಯಿಂದ ಎಲ್ಲರೂ ಇಳೀರಿ ಅಂದು ಟೋಯಿಂಗ್ ಗಾಡಿ ಕರೆಸಿದ್ರು. ಬೆಲ್ಟ್ ಹೋಗಿರೋ ಎಂಜಿನನ್ನ ತಳ್ಳಿ ಸ್ಟಾರ್ಟ್ ಮಾಡೋಕೆ ಹೋದ್ರೆ ಉಳಿದಿರೋ ವಾಲ್ವ್‌ಗಳೂ (ಎಂಜಿನ್ ಒಳಗೆ ಗಾಳಿ, ಹೊಗೆಗೆ ದಾರಿ ಬಿಡೋ ಬಾಗಿಲುಗಳು) ಹೋಗ್ತವೆ. ನ್ಯಾಷನಲ್ ಹೈವೇ ಮೇಲೆ ಹಿಂಗಾದ್ರೆ 1033ಕ್ಕೆ ಫೋನ್ ಮಾಡ್ಬಹುದು, ಆ ನಂಬರ್ ನನ್ನ ಹತ್ರ ಅವತ್ತು ಇರ್ಲಿಲ್ಲ.

ನಾನು ಸರ್ವೀಸ್ ಮಾಡಿಸ್ತಿದ್ದ ಗ್ಯಾರೇಜಿಗೆ ಫೋನ್ ಮಾಡಿದ್ರೆ ಸೋಮವಾರ ನೋಡೋಣ ಮೇಡಂ ಅಂದ್ರು. ಹಂಗಾಗಿ ಯಶವಂತಪುರದ ಹತ್ರ ಮೂವತ್ತು ವರ್ಷದಿಂದ ಕೆಲಸ ಮಾಡ್ತಿರೋ ಒಬ್ಬ ಹಳೇ ಮೆಕ್ಯಾನಿಕ್ ಹತ್ರ ಗಾಡಿ ಹೋಯ್ತು. ಅವ್ರು ಕವರ್ ಬಿಚ್ಚಿ ಬೆಲ್ಟ್ ಎಳೆದು ನನ್ನ ಕೈಗೆ ಕೊಟ್ರು. ಹಲ್ಲು ಒಂದು ಕಡೆ ಸಾಲಾಗಿ ಉದುರಿತ್ತು, ರಬ್ಬರ್ ಎಣ್ಣೆ ಕುಡಿದು ಊದ್ಕೊಂಡು ಮೆತ್ತಗಾಗಿತ್ತು. ಕ್ರ್ಯಾಂಕ್ ಆಯಿಲ್ ಸೀಲ್ ಯಾವ ಕಾಲದಿಂದಾನೋ ಸೋರ್ತಿತ್ತಂತೆ. "ಏನಮ್ಮಾ, ಕೆಳಗೆ ಎಣ್ಣೆ ಹನಿ ಬೀಳ್ತಿರ್ಲಿಲ್ವಾ?" ಅಂತ ಕೇಳಿದ್ರು. ಬೀಳ್ತಿತ್ತು. ಪಾರ್ಕಿಂಗಲ್ಲಿ ಸಣ್ಣ ಕಪ್ಪು ಕಲೆ ತಿಂಗಳುಗಟ್ಲೆ ನೋಡಿದೀನಿ, ಹಳೇ ಗಾಡಿ ಅಲ್ವಾ ಅಂತ ಸುಮ್ಮನಿದ್ದೆ.

ಅವ್ರು ಹೇಳಿಕೊಟ್ಟಿದ್ದನ್ನ ನಂಗೆ ಅರ್ಥ ಆದ ಹಾಗೆ ಹೇಳ್ತೀನಿ. ಕೆಳಗೆ ಕ್ರ್ಯಾಂಕ್ ಶಾಫ್ಟ್ ಪಿಸ್ಟನ್ನುಗಳನ್ನ ಮೇಲೆ ಕೆಳಗೆ ಮಾಡುತ್ತೆ, ಮೇಲೆ ಕ್ಯಾಮ್ ಶಾಫ್ಟ್ ವಾಲ್ವ್ ತೆಗೆದು ಮುಚ್ಚುತ್ತೆ, ಕ್ರ್ಯಾಂಕ್ ಎರಡು ಸುತ್ತು ಸುತ್ತಿದ್ರೆ ಕ್ಯಾಮ್ ಸರಿಯಾಗಿ ಒಂದು ಸುತ್ತು, ಈ ಲೆಕ್ಕ ತಪ್ಪದ ಹಾಗೆ ಎರಡನ್ನೂ ಹಿಡಿದಿರೋದು ಆ ರಬ್ಬರ್ ಬೆಲ್ಟ್. 2,000 ಆರ್‌ಪಿಎಂ ಅಂದ್ರೆ ಒಂದೊಂದು ವಾಲ್ವೂ ನಿಮಿಷಕ್ಕೆ ಸಾವಿರ ಸಲ ತೆಗೆದು ಮುಚ್ಚುತ್ತೆ. ಬೆಲ್ಟ್ ಹೋದ ಕ್ಷಣ ಕ್ಯಾಮ್ ನಿಂತೋಗುತ್ತೆ, ಕೆಲವು ವಾಲ್ವ್ ತೆರೆದೇ ಇರ್ತವೆ, ಪಿಸ್ಟನ್ ಮಾತ್ರ ಅದೇ ವೇಗದಲ್ಲಿ ಮೇಲೆ ಬಂದು ಗುದ್ದುತ್ತೆ. ಡೀಸೆಲ್ ಎಂಜಿನಲ್ಲಿ ಕಂಪ್ರೆಷನ್ ಜಾಸ್ತಿ, ಪಿಸ್ಟನ್ ಮೇಲೆ ಬಂದಾಗ ಉಳಿಯೋ ಜಾಗಾನೇ ಕಮ್ಮಿ, ಹಂಗಾಗಿ ತಪ್ಪಿಸ್ಕೊಳ್ಳೋ ಮಾತೇ ಇಲ್ಲ. ಹೆಡ್ (ಎಂಜಿನ್ನಿನ ಮೇಲಿನ ಭಾಗ) ಇಳಿಸಿದಾಗ ನಾನೇ ನೋಡಿದೆ, ಪಿಸ್ಟನ್ ತಲೆ ಮೇಲೆ ಉಗುರು ಒತ್ತಿದ ಹಾಗೆ ಅರ್ಧಚಂದ್ರದ ಗುರುತುಗಳು. ವಾಲ್ವ್ ಬೆಂಡ್, ವಾಲ್ವ್ ಒತ್ತೋ ರಾಕರ್ ನಾಲ್ಕು ಮುರಿದಿತ್ತು.

ಆಮೇಲೆ ಆಯಿಲ್ ಇಳಿಸಿದ್ರು. ಎಣ್ಣೆ ಅಲ್ಲ ಅದು, ಕೀಲೆಣ್ಣೆ ಗಸಿ ಥರ ಇತ್ತು. ಫಿಲ್ಟರ್ ಬಿಚ್ಚಿ ಒರೆಸಿ ನಂಗೆ ತೋರಿಸಿದ್ರು, ಅದರ ಮೇಲೆ ಯಾರೋ ಮಾರ್ಕರಲ್ಲಿ ಬರೆದಿದ್ರು: 14-8-20, 91,200. ನಂಗೆ ಒಂದು ನಿಮಿಷ ಅರ್ಥಾನೇ ಆಗ್ಲಿಲ್ಲ. ನಾನು ಗಾಡಿ ತಗೊಂಡಿದ್ದು 2021ರಲ್ಲಿ, 54,000ಕ್ಕೆ. ಅಂದ್ರೆ ಅದಕ್ಕಿಂತ ಐದು ತಿಂಗಳು ಮುಂಚೆ ಇದೇ ಗಾಡಿ 91,200 ಓಡಿತ್ತು. ಮೀಟರ್ ತಿರುಗಿಸಿ ನಂಗೆ ಮಾರಿದಾರೆ. ಇನ್ನೊಂದು ವಿಷ್ಯ, ನಾನು ಎರಡು ಸಲ ಸರ್ವೀಸ್ ಮಾಡ್ಸಿದೀನಿ, ಎರಡು ಬಿಲ್ಲಲ್ಲೂ ಆಯಿಲ್ ಫಿಲ್ಟರಿಗೆ ದುಡ್ಡು ತಗೊಂಡಿದಾರೆ, ಫಿಲ್ಟರ್ ಮಾತ್ರ ಹಳೇ ಓನರ್ ಕಾಲದ್ದೇ. ನಾನು ಹೊರಗೆ ಟೀ ಕುಡೀತಾ ಕೂತಿದ್ದೆ, ಒಳಗೆ ಏನು ಮಾಡಿದ್ರು ನೋಡ್ಲೇ ಇಲ್ಲ.

ಮೀಟರ್ 83,000 ಅಂತಿತ್ತು, ಅಸಲಿ ಓಟ ಕಡಿಮೆ ಅಂದ್ರೂ 1,20,000 ದಾಟಿತ್ತು. ನನ್ನ ಗಾಡಿ ಮ್ಯಾನ್ಯುಯಲಲ್ಲಿ ಬೆಲ್ಟಿಗೆ ಇರೋದು ಒಂದು ಲಕ್ಷ ಕಿಲೋಮೀಟರ್ ಅಥವಾ ಐದು ವರ್ಷ, ಯಾವುದು ಮೊದ್ಲೋ ಅದು. ಈ "ಅಥವಾ" ನಾನು ಓದೇ ಇರ್ಲಿಲ್ಲ. ಮೀಟರ್ ಸುಳ್ಳು ಹೇಳಿರ್ಬಹುದು, ಆರ್‌ಸಿ ಕಾರ್ಡಲ್ಲಿರೋ 2014 ಸುಳ್ಳು ಹೇಳಲ್ಲ. ಒಂಬತ್ತು ವರ್ಷದ ರಬ್ಬರ್ ಅದು. ನಿಂತ ಗಾಡೀಲೂ ರಬ್ಬರ್ ಗಟ್ಟಿಯಾಗುತ್ತೆ, ಬಿರುಕು ಬಿಡುತ್ತೆ, ಅದಕ್ಕೇ ವರ್ಷದ ಲೆಕ್ಕ ಇಟ್ಟಿರೋದು.

ಒಟ್ಟು 82,000 ರೂಪಾಯಿ, ಹತ್ತೊಂಬತ್ತು ದಿನ. ಹೆಡ್ ಲೇತಿಗೆ ಹೋಯ್ತು, ಪಾರ್ಟ್ಸಿಗೆ ಜೆ.ಸಿ. ರಸ್ತೆಗೆ ನಾನೇ ಎರಡು ಸಲ ಅಲೆದೆ. ಟೈಮಿಗೆ ಸರಿಯಾಗಿ ಬೆಲ್ಟ್ ಕಿಟ್ ಹಾಕ್ಸಿದ್ರೆ ಲೇಬರ್ ಸೇರಿ ಹನ್ನೆರಡು ಸಾವಿರದಲ್ಲಿ ಮುಗೀತಿತ್ತು ಅಂತ ಅದೇ ಮೆಕ್ಯಾನಿಕ್ ಹೇಳಿದ್ರು. ಮಗಳ ಸ್ಕೂಲ್ ಫೀಸಿಗೆ ಎತ್ತಿಟ್ಟ ದುಡ್ಡು ಅದು.

ಹಾಗಾಗಿ ಕೇಳ್ಕೊಳ್ತೀನಿ, ಹಳೇ ಗಾಡಿ ತಗೊಂಡ್ರೆ, ಅದು ಬೆಲ್ಟ್ ಇರೋ ಎಂಜಿನ್ ಆಗಿದ್ರೆ, ಪಕ್ಕಾ ಬಿಲ್ ಇಲ್ದಿದ್ರೆ, ಮೀಟರ್ ಎಷ್ಟೇ ತೋರಿಸ್ಲಿ ಮೊದಲನೇ ತಿಂಗಳಲ್ಲೇ ಬೆಲ್ಟ್, ಆಯಿಲ್, ಫಿಲ್ಟರ್ ಮೂರೂ ಬದಲಾಯಿಸಿ ಅಲ್ಲಿಂದ ಲೆಕ್ಕ ಶುರು ಮಾಡಿ. ಗಾಡಿ ಬೆಲೆ ಮಾತಾಡೋವಾಗ್ಲೇ ಆ ಹನ್ನೆರಡು ಹದಿನೈದು ಸಾವಿರ ಕಮ್ಮಿ ಮಾಡ್ಸಿ. ಕಂಪನಿ ಸರ್ವೀಸ್ ಸೆಂಟರಲ್ಲಿ ಗಾಡಿ ನಂಬರ್ ಕೊಟ್ಟು ಹಳೇ ಸರ್ವೀಸ್ ರೆಕಾರ್ಡ್ ಕೇಳಿ, ಅಲ್ಲಿಗೆ ಹೋಗ್ತಿದ್ದ ಗಾಡಿ ಆದ್ರೆ ಕಿಲೋಮೀಟರ್ ಸಮೇತ ಸಿಗುತ್ತೆ. ಬೆಲ್ಟ್ ಒಂದೇ ಹಾಕಿಸ್ಬೇಡಿ, ಬೆಲ್ಟನ್ನ ಬಿಗಿಯಾಗಿ ಹಿಡಿಯೋ ಟೆನ್ಷನರ್, ಅದಕ್ಕೆ ದಾರಿ ಕೊಡೋ ಐಡ್ಲರ್ ರಾಟೆ, ಎರಡೂ ಜೊತೆಗೇ ಹಾಕ್ಸಿ, ಅದರ ಬೇರಿಂಗ್ ಹಿಡ್ಕೊಂಡ್ರೂ ಹೊಸ ಬೆಲ್ಟ್ ಹರಿಯುತ್ತೆ. ವಾಟರ್ ಪಂಪ್ ಅದೇ ಬೆಲ್ಟಿಂದ ಓಡೋದಾದ್ರೆ ಅದನ್ನೂ. ಸೀಲ್ ಸೋರ್ತಿದ್ರೆ ಅದು ಮೊದ್ಲು. ಹಳೇ ಪಾರ್ಟ್ಸ್ ವಾಪಸ್ ಕೇಳಿ ತಗೊಳ್ಳಿ.

ಎಲ್ಲಾ ಗಾಡೀಲೂ ಬೆಲ್ಟ್ ಇರಲ್ಲ, ಕೆಲವಲ್ಲಿ ಅದೇ ಕೆಲಸಾನ ಚೈನ್ ಮಾಡುತ್ತೆ. ಹಳೇ ಮಾರುತಿ 800, ಹಳೇ ಸ್ಯಾಂಟ್ರೋ, ಡಸ್ಟರ್ ಡೀಸೆಲ್, ಕ್ರಿಸ್ಟಾಕ್ಕಿಂತ ಮುಂಚಿನ 2.5 ಇನ್ನೋವಾ, ಇವೆಲ್ಲ ಬೆಲ್ಟ್. ಸ್ವಿಫ್ಟ್ 1.3 ಡೀಸೆಲ್ ಚೈನ್. ಚೈನ್ ಇದ್ರೆ ನಿಶ್ಚಿಂತೆ ಅಂತ ಬಿಡೋಹಾಗಿಲ್ಲ, ಚೈನ್ ಟೆನ್ಷನರ್ ಸಾಮಾನ್ಯವಾಗಿ ಎಂಜಿನ್ ಆಯಿಲ್ ಪ್ರೆಷರಿಂದಾನೇ ಕೆಲಸ ಮಾಡೋದು, ಆಯಿಲ್ ಕೆಟ್ರೆ ಅದೂ ಹಾಳು. ಇನ್ನು ಇಕೋಸ್ಪೋರ್ಟಲ್ಲಿ ಬಂದಿದ್ದ 1 ಲೀಟರ್ ಇಕೋಬೂಸ್ಟ್ ಥರದ ಎಂಜಿನಲ್ಲಿ ಬೆಲ್ಟ್ ಎಣ್ಣೆಯೊಳಗೇ ಓಡುತ್ತೆ, ಅಲ್ಲಿ ತಪ್ಪು ಆಯಿಲ್ ಹಾಕಿದ್ರೆ ಬೆಲ್ಟೇ ಪುಡಿಯಾಗಿ ಆಯಿಲ್ ಪಂಪಿನ ಜಾಲರಿಗೆ ಸಿಕ್ಕೊಳ್ಳುತ್ತೆ.

ಆಯಿಲ್ ಬಗ್ಗೆ ಇನ್ನೊಂದು ಮಾತು, ಇದು ಬೆಂಗಳೂರಿನೋರಿಗೇ. ಹತ್ತು ಸಾವಿರ ಕಿಲೋಮೀಟರಿಗೆ ಚೇಂಜ್ ಅಂತ ಬುಕ್ಕಲ್ಲಿರುತ್ತೆ. ಸಿಲ್ಕ್ ಬೋರ್ಡು, ಹೆಬ್ಬಾಳ ಅಂತ ಗಂಟೆಗೆ ಹದಿನೈದು ಕಿಲೋಮೀಟರಲ್ಲಿ ತೆವಳಿದ್ರೆ ಹತ್ತು ಸಾವಿರ ಮುಟ್ಟೋಕೆ 660ಕ್ಕೂ ಹೆಚ್ಚು ಗಂಟೆ ಎಂಜಿನ್ ಓಡಿರುತ್ತೆ, ಅಷ್ಟೇ ಗಂಟೆ ಹೈವೇಲಿ ಅರವತ್ತರಲ್ಲಿ ಓಡಿದ್ರೆ ಹತ್ತತ್ರ 40,000 ಆಗ್ತಿತ್ತು. ಮೀಟರಿಗೆ ಜಾಮ್ ಗೊತ್ತಾಗಲ್ಲ, ಆಯಿಲಿಗೆ ಗೊತ್ತಾಗುತ್ತೆ. ಮ್ಯಾನ್ಯುಯಲಲ್ಲಿ ಕಷ್ಟದ ಓಟಕ್ಕೆ ಬೇರೆ ಲೆಕ್ಕ ಕೊಟ್ಟಿರ್ತಾರೆ, ನಮ್ಮೂರಿಗೆ ಅದೇ ಸರಿ, ನಾನಂತೂ ಈಗ ಆರು ಸಾವಿರಕ್ಕೆ ಅಥವಾ ಎಂಟು ತಿಂಗಳಿಗೆ ಮಾಡಿಸ್ತೀನಿ. ಡೀಸೆಲಲ್ಲಿ ಹೊಸ ಎಣ್ಣೆಯೂ ಬೇಗ ಕಪ್ಪಾಗುತ್ತೆ, ಬಣ್ಣ ನೋಡಿ ಹೆದರೋದು ಬೇಡ, ಡಿಪ್‌ಸ್ಟಿಕ್ಕಲ್ಲಿ ಲೆವೆಲ್ ನೋಡಿ, ಸಮತಟ್ಟು ಜಾಗದಲ್ಲಿ, ಎಂಜಿನ್ ಆಫ್ ಮಾಡಿ ಹತ್ತು ನಿಮಿಷ ಬಿಟ್ಟು. ಬಿಎಸ್ 6 ಡೀಸೆಲ್ ಇರೋರು ಲೆವೆಲ್ ಇಳಿಯೋದಷ್ಟೇ ಅಲ್ಲ ಏರೋದನ್ನೂ ನೋಡ್ಬೇಕು, ಬರೀ ಸಿಟೀಲಿ ಓಡಿ ಡಿಪಿಎಫ್ (ಹೊಗೆಯ ಮಸಿ ಹಿಡಿಯೋ ಫಿಲ್ಟರ್) ಪೂರ್ತಿ ಕ್ಲೀನ್ ಆಗ್ದೆ ಇದ್ರೆ ಆ ಮಸಿ ಸುಡೋಕೆ ಬಿಟ್ಟ ಡೀಸೆಲ್ ಇಳಿದು ಆಯಿಲಿಗೆ ಸೇರುತ್ತೆ, ತೆಳ್ಳಗಾಗುತ್ತೆ. ಕ್ಯಾನ್ ಸೀಲ್ ನಿಮ್ಮ ಎದುರಿಗೇ ಒಡೆಸಿ, ಹೊಸ ಫಿಲ್ಟರ್ ಮೇಲೆ ನೀವೇ ಮಾರ್ಕರಲ್ಲಿ ತಾರೀಕು, ಕಿಲೋಮೀಟರ್ ಬರೀರಿ. ನಾನು ಪರ್ಸಲ್ಲಿ ಮಾರ್ಕರ್ ಇಟ್ಕೊಂಡೇ ಹೋಗ್ತೀನಿ.

ಎದುರುಮನೆಯವ್ರಿಗೆ ಇದನ್ನೆಲ್ಲ ಕೂರಿಸ್ಕೊಂಡು ಹೇಳಿದೆ. ಮಾರಿದೋರ ಹತ್ರ ಬಿಲ್ ಕೇಳಿದ್ರಂತೆ, ಎರಡು ಸಲ ಫೋನ್ ಎತ್ತಿದ್ರು, ಮೂರನೇ ಸಲ ಎತ್ಲಿಲ್ಲ. ಗಾಡಿ ಗೇಟ್ ಒಳಗೇ ನಿಂತಿದೆ, ಶನಿವಾರ ಯಶವಂತಪುರಕ್ಕೆ ಟೋ ಮಾಡ್ಸಿ ಕವರ್ ಬಿಚ್ಚಿಸ್ತಿದೀವಿ.