ಬುಡೆಸೊನೈಡ್ ಇನ್ಹೇಲರ್: ಎಂಟು ವರ್ಷ ಬಳಸಿದ ಮೇಲೆ ನನ್ನ ಅನುಭವ

ನಾನು ದಾವಣಗೆರೆಯಲ್ಲಿ ಹೈಸ್ಕೂಲ್ ಟೀಚರ್. ದಿನಕ್ಕೆ ಐದು ಪೀರಿಯಡ್ ಮಾತಾಡಬೇಕು. ನನಗೆ ಉಸಿರೂ ಬೇಕು, ದನಿಯೂ ಬೇಕು. ಉಬ್ಬಸಕ್ಕೆ ಕೊಡುವ ಬುಡೆಸೊನೈಡ್ ಇನ್ಹೇಲರ್ ನನಗೆ ಉಸಿರು ವಾಪಸ್ ಕೊಟ್ಟಿತು. ಬಳಸುವ ರೀತಿ ಗೊತ್ತಿಲ್ಲದಿದ್ದಾಗ ಒಂದಷ್ಟು ದಿನ ದನಿಯನ್ನು ಕಿತ್ತುಕೊಂಡಿತು. ಎರಡನ್ನೂ ಬರೆಯುತ್ತೇನೆ. ನಿಮಗೆ ಎಷ್ಟು ಡೋಸ್ ಅನ್ನೋದನ್ನು ನಿಮ್ಮ ಡಾಕ್ಟರೇ ಹೇಳಬೇಕು. ಇಲ್ಲಿರುವುದು ನನ್ನ ಲೆಕ್ಕ ಮಾತ್ರ.

ನನಗೆ ಉಬ್ಬಸ ಅಂತ ಗೊತ್ತಾಗಿದ್ದು 2016ರಲ್ಲಿ. ಸೀಮೆಸುಣ್ಣದ ಧೂಳು, ಖಾಲಿ ಸೈಟಿನಲ್ಲಿ ಬೆಳೆಯುವ ಕಾಂಗ್ರೆಸ್ ಗಿಡ, ಮಂಡಕ್ಕಿ ಭಟ್ಟಿ ಕಡೆಯಿಂದ ಬರುವ ಹೊಗೆ, ಯಾವುದಕ್ಕಾದರೂ ಎದೆ ಸುಯ್‌ಗುಡುತ್ತಿತ್ತು. ಡಾಕ್ಟರ್ ಚೀಟಿಯಲ್ಲಿ ಎರಡು ಇನ್ಹೇಲರ್ ಇದ್ದವು. ನೀಲಿ ಬಣ್ಣದ್ದು ಸಾಲ್ಬುಟಮಾಲ್. ಇನ್ನೊಂದು ಬುಡೆಸೊನೈಡ್ 200 ಮೈಕ್ರೋಗ್ರಾಂ, ಬೆಳಿಗ್ಗೆ ಒಂದು ಪಫ್, ರಾತ್ರಿ ಒಂದು ಪಫ್. ನೀಲಿಯದು ಎಳೆದರೆ ಐದೇ ನಿಮಿಷದಲ್ಲಿ ಎದೆ ಹಗುರ. ಬುಡೆಸೊನೈಡ್ ಎಳೆದರೆ ಏನೂ ಆದಂತೆ ಅನಿಸುತ್ತಿರಲಿಲ್ಲ. "ಅದು ಸ್ಟೀರಾಯ್ಡ್ ಅಂತೆ ಕಣಮ್ಮಾ, ಒಂದ್ಸಲ ಹಿಡ್ಕೊಂಡ್ರೆ ಬಿಡಲ್ಲ" ಅಂತ ನಮ್ಮ ಅತ್ತೆ ಹೇಳಿದರು. ಅವರಿಗೆ ನನ್ನ ಮೇಲೆ ಕಾಳಜಿ. ನನಗೂ ಆ ಹೆಸರು ಕೇಳಿಯೇ ಭಯ. ಹತ್ತು ದಿನ ತೆಗೆದುಕೊಂಡು ಬೀರುವಿನಲ್ಲಿ ಇಟ್ಟುಬಿಟ್ಟೆ. ಒಂದು ವರ್ಷ ನೀಲಿಯದರಲ್ಲೇ ಕಳೆದೆ.

2017ರ ದೀಪಾವಳಿ ರಾತ್ರಿ ನೀಲಿಯದೂ ಕೈಕೊಟ್ಟಿತು. ಒಂದು ವಾಕ್ಯ ಪೂರ್ತಿ ಹೇಳುವಷ್ಟು ಉಸಿರಿರಲಿಲ್ಲ. ಮನೆಯವರು ಆಸ್ಪತ್ರೆಗೆ ಎತ್ತಿಕೊಂಡು ಓಡಿದರು. ನೆಬ್ಯುಲೈಸರ್, ಆಕ್ಸಿಜನ್, ಆಮೇಲೆ ಐದು ದಿನ ಪ್ರೆಡ್ನಿಸೋಲೋನ್ ಅನ್ನೋ ಸ್ಟೀರಾಯ್ಡ್ ಮಾತ್ರೆ, ದಿನಕ್ಕೆ 40 ಮಿಲಿಗ್ರಾಂ.

ಬಿಡುಗಡೆ ಆಗುವ ದಿನ ಅಲ್ಲಿನ ಶ್ವಾಸಕೋಶದ ಡಾಕ್ಟರ್ ಒಂದು ಲೆಕ್ಕ ಹಾಕಿ ತೋರಿಸಿದರು. ಅದು ಇವತ್ತಿಗೂ ನನ್ನ ಡೈರಿಯಲ್ಲಿದೆ. ಒಂದು ಡಬ್ಬಿಯಲ್ಲಿ 200 ಪಫ್. ಒಂದು ಪಫ್‌ಗೆ 200 ಮೈಕ್ರೋಗ್ರಾಂ. ಇಡೀ ಡಬ್ಬಿಯಲ್ಲಿರುವ ಮದ್ದು 40 ಮಿಲಿಗ್ರಾಂ. "ನೀವು ಹೆದರಿ ಬಿಟ್ಟಿದ್ದು ನೂರು ದಿನಕ್ಕೆ 40 ಮಿಲಿಗ್ರಾಂ. ಈಗ ನುಂಗುತ್ತಿರುವುದು ದಿನಕ್ಕೆ 40 ಮಿಲಿಗ್ರಾಂ, ಅದೂ ಇಡೀ ಮೈಗೆಲ್ಲ ಹೋಗುತ್ತೆ" ಅಂದರು. ಎರಡೂ ಬೇರೆ ಬೇರೆ ಮದ್ದು, ತೂಕಕ್ಕೆ ತೂಕ ಹೋಲಿಸುವುದು ಪೂರ್ತಿ ಸರಿಯಲ್ಲ ಅಂತಲೂ ಅವರೇ ಹೇಳಿದರು. ಆದರೂ ನನ್ನ ಭಯ ಕರಗಿದ್ದು ಆ ಲೆಕ್ಕದಿಂದ. ಜೀವ ಉಳಿಸಿದ ಮಾತ್ರೆಯನ್ನು ನಾನು ದೂರುತ್ತಿಲ್ಲ. ಆ ಮಾತ್ರೆಯವರೆಗೆ ಹೋಗದಂತೆ ತಡೆಯುವುದೇ ಇನ್ಹೇಲರ್‌ನ ಕೆಲಸ, ಅಲ್ವಾ?

ನೀಲಿಯದು ಬಿಗಿದುಕೊಂಡ ಉಸಿರಿನ ಕೊಳವೆಯನ್ನು ಸಡಿಲ ಮಾಡುತ್ತೆ, ಅಷ್ಟೇ. ಒಳಗಿನ ಊತ ಹಾಗೇ ಇರುತ್ತೆ. ಬುಡೆಸೊನೈಡ್ ಆ ಊತವನ್ನು ಇಳಿಸುತ್ತೆ, ಆದರೆ ನಿಧಾನಕ್ಕೆ. ನನಗೆ ವ್ಯತ್ಯಾಸ ಗೊತ್ತಾಗಲು ಎರಡು ವಾರ ಬೇಕಾಯಿತು. ಮೊದಲು ರಾತ್ರಿ ಕೆಮ್ಮು ನಿಂತಿತು. ಆಮೇಲೆ ಶಾಲೆಯ ಮೆಟ್ಟಿಲು ಹತ್ತುವಾಗ ನಡುವೆ ನಿಲ್ಲುವುದು ತಪ್ಪಿತು. ಚಟ ಅನ್ನೋ ಮಾತಿಗೆ ಡಾಕ್ಟರ್ ಕೊಟ್ಟ ಉತ್ತರವೂ ನೆನಪಿದೆ. ಬಿಟ್ಟರೆ ಊತ ಮತ್ತೆ ಬರುತ್ತೆ, ಅದು ಕಾಯಿಲೆಯ ಗುಣ, ಮದ್ದಿನ ಚಟ ಅಲ್ಲ.

ಆಸ್ಪತ್ರೆಯಿಂದ ಬಂದ ಮೇಲೆ ಡೋಸ್ ದುಪ್ಪಟ್ಟಾಗಿತ್ತು. ಬೆಳಿಗ್ಗೆ ಎರಡು, ರಾತ್ರಿ ಎರಡು. ಒಂದು ದಿನವೂ ತಪ್ಪಿಸಲಿಲ್ಲ. ಮೂರನೇ ತಿಂಗಳಿಗೆ ದನಿ ಒಡೆಯಲು ಶುರುವಾಯಿತು. ಎಂಟನೇ ಕ್ಲಾಸಿನ ಹಿಂದಿನ ಬೆಂಚಿನವರಿಗೆ ನನ್ನ ಮಾತು ಕೇಳಿಸುತ್ತಿರಲಿಲ್ಲ. ಕನ್ನಡಿಯಲ್ಲಿ ನೋಡಿದರೆ ನಾಲಿಗೆ ಹಿಂದೆ, ಅಂಗುಳದ ಮೇಲೆ ಮೊಸರು ಹಚ್ಚಿದಂತೆ ಬಿಳಿ ಕಲೆ. ಅದು ಫಂಗಸ್ ಸೋಂಕು. ಬಾಯಿಗೆ ಹಚ್ಚುವ ಕ್ಲೋಟ್ರಿಮಜೋಲ್ ಕೊಟ್ಟರು, ಬೇಗ ವಾಸಿಯಾಯಿತು. ಆದರೆ ಇನ್ಹೇಲರ್ ಎಳೆದ ಮೇಲೆ ಬಾಯಿ ಮುಕ್ಕಳಿಸಿ ಉಗುಳಬೇಕು ಅಂತ ಅಲ್ಲಿಯವರೆಗೆ ನನಗೆ ಯಾರೂ ಹೇಳಿರಲಿಲ್ಲ. ನೀರು ಕುಡಿದರೆ ಆಗಲ್ಲ. ಮುಕ್ಕಳಿಸಬೇಕು, ಗಂಟಲಲ್ಲಿ ಗಳಗಳ ಮಾಡಬೇಕು, ಉಗುಳಬೇಕು. ನುಂಗಿದರೆ ಬಾಯಲ್ಲಿ ಉಳಿದ ಮದ್ದು ಹೊಟ್ಟೆಗೆ ಹೋಗುತ್ತೆ. ಈಗ ನಾನು ಹಲ್ಲುಜ್ಜುವುದಕ್ಕೆ ಮುಂಚೆಯೇ ಎಳೆಯುತ್ತೇನೆ. ಬ್ರಷ್ ಪಕ್ಕದಲ್ಲೇ ಇಟ್ಟಿದ್ದೇನೆ. ಮರೆಯುವ ಮಾತೇ ಇಲ್ಲ.

ದನಿ ಪೂರ್ತಿ ಸರಿಹೋಗಿದ್ದು ಸ್ಪೇಸರ್ ಬಂದ ಮೇಲೆ. ಬರೀ ಇನ್ಹೇಲರ್ ಒತ್ತಿದರೆ ಮದ್ದಿನ ದೊಡ್ಡ ಪಾಲು ರಭಸವಾಗಿ ಹೋಗಿ ಗಂಟಲ ಗೋಡೆಗೇ ಬಡಿಯುತ್ತೆ. ಸ್ಪೇಸರ್ ಅಂದರೆ ಒಂದು ಪ್ಲಾಸ್ಟಿಕ್ ಕೊಳವೆ ಡಬ್ಬಿ. ಮದ್ದು ಅದರೊಳಗೆ ವೇಗ ಕಳೆದುಕೊಳ್ಳುತ್ತೆ, ನಾವು ಸಮಾಧಾನವಾಗಿ ಎಳೆದುಕೊಳ್ಳಬಹುದು. ಎದೆಗೆ ಜಾಸ್ತಿ, ಗಂಟಲಿಗೆ ಕಡಿಮೆ. ನಾನು ಮಾಡುವುದು ಹೀಗೆ: ಡಬ್ಬಿ ಚೆನ್ನಾಗಿ ಅಲುಗಾಡಿಸಿ, ಉಸಿರು ಪೂರ್ತಿ ಹೊರಗೆ ಬಿಟ್ಟು, ತುಟಿ ಬಿಗಿಯಾಗಿ ಮುಚ್ಚಿ, ಒಂದು ಸಲ ಒತ್ತಿ, ನಿಧಾನಕ್ಕೆ ಆಳವಾಗಿ ಎಳೆದು, ಹತ್ತು ಎಣಿಸುವವರೆಗೆ ಹಿಡಿಯುತ್ತೇನೆ. ಎರಡನೇ ಪಫ್‌ಗೆ ಅರ್ಧ ನಿಮಿಷ ಬಿಟ್ಟು ಮತ್ತೆ ಅಲುಗಾಡಿಸುತ್ತೇನೆ. ಎರಡು ಪಫ್ ಒಟ್ಟಿಗೆ ಸ್ಪೇಸರ್‌ಗೆ ಒತ್ತಬಾರದು. ಸ್ಪೇಸರ್ ತೊಳೆದ ಮೇಲೆ ಬಟ್ಟೆಯಲ್ಲಿ ಒರೆಸಬಾರದು. ಉಜ್ಜಿದರೆ ಪ್ಲಾಸ್ಟಿಕ್‌ನಲ್ಲಿ ಸ್ಟ್ಯಾಟಿಕ್ ಕರೆಂಟ್ ಹುಟ್ಟಿ ಮದ್ದು ಗೋಡೆಗೇ ಅಂಟಿಕೊಳ್ಳುತ್ತೆ. ಸೋಪಿನ ನೀರಲ್ಲಿ ಅದ್ದಿ, ಹಾಗೇ ಗಾಳಿಗೆ ಒಣಗಲು ಬಿಡಬೇಕು.

ಇನ್ನೊಂದು ವಿಷಯಕ್ಕೆ ನಾನು ತುಂಬಾ ಒತ್ತು ಕೊಡುತ್ತೇನೆ. ನನ್ನ ಹಳೆಯ ಇನ್ಹೇಲರ್‌ನಲ್ಲಿ ಡೋಸ್ ಎಣಿಸುವ ಕೌಂಟರ್ ಇರಲಿಲ್ಲ. ಮದ್ದು ಮುಗಿದ ಮೇಲೂ ಒಳಗಿನ ಗ್ಯಾಸ್ ಉಳಿದಿರುತ್ತೆ. ಒತ್ತಿದರೆ ಪುಸ್ ಅಂತ ಸದ್ದು ಬರುತ್ತೆ. ನಾವು ಮದ್ದು ಬರುತ್ತಿದೆ ಅಂದುಕೊಳ್ಳುತ್ತೇವೆ. 2018ರ ಮಳೆಗಾಲದಲ್ಲಿ ನಾನು ಹೀಗೆ ಕನಿಷ್ಠ ಒಂದು ವಾರ ಬರೀ ಗಾಳಿ ಎಳೆದಿದ್ದೇನೆ. ಆವತ್ತಿಂದ ಹೊಸ ಡಬ್ಬಿ ತೆಗೆದ ತಾರೀಖನ್ನು ಮಾರ್ಕರ್‌ನಲ್ಲಿ ಅದರ ಮೇಲೇ ಬರೆಯುತ್ತೇನೆ. ದಿನಕ್ಕೆ ನಾಲ್ಕು ಪಫ್ ಆದರೆ 50 ದಿನ, ಎರಡಾದರೆ 100 ದಿನ. ಕೌಂಟರ್ ಇರುವುದೇ ಸಿಕ್ಕರೆ ಅದನ್ನೇ ತೆಗೆದುಕೊಳ್ಳಿ.

ಬುಡೆಸೊನೈಡ್ ಪುಡಿ ತುಂಬಿದ ಕ್ಯಾಪ್ಸೂಲ್ ರೂಪದಲ್ಲೂ ಬರುತ್ತೆ, ಅದರ ಬಗ್ಗೆಯೂ ಹೇಳಬೇಕು. ಅದನ್ನು ಒಂದು ಚಿಕ್ಕ ಸಾಧನದಲ್ಲಿ ಹಾಕಿ ಜೋರಾಗಿ, ಒಂದೇ ದಮ್ಮಿಗೆ ಎಳೆಯಬೇಕು. ಡಬ್ಬಿ ಇನ್ಹೇಲರ್‌ಗೆ ನಿಧಾನ, ಇದಕ್ಕೆ ವೇಗ. ಅದರೊಳಗೆ ಉಸಿರು ಬಿಟ್ಟರೆ ಪುಡಿ ಒದ್ದೆಯಾಗುತ್ತೆ. ಸಾಗರದ ಹತ್ತಿರ ಇರುವ ನಮ್ಮ ದೊಡ್ಡಮ್ಮ ಆ ಕ್ಯಾಪ್ಸೂಲನ್ನು ಮಾತ್ರೆ ಅಂದುಕೊಂಡು ನೀರಿನ ಜೊತೆ ನುಂಗುತ್ತಿದ್ದರು, ಎರಡು ವಾರ. "ಮದ್ದು ನಾಟ್ತಿಲ್ಲ" ಅಂತ ಫೋನಿನಲ್ಲಿ ಹೇಳಿದಾಗಲೇ ಗೊತ್ತಾಗಿದ್ದು. ಅವರ ತಪ್ಪೇನಿದೆ? ನೋಡಲು ಮಾತ್ರೆಯೇ ತಾನೆ. ನಿಮ್ಮ ಮನೆಯ ಹಿರಿಯರಿಗೆ ಇದನ್ನು ಕೊಟ್ಟಿದ್ದರೆ, ಒಂದು ಸಲ ಎದುರು ಕೂತು ಹೇಗೆ ತೆಗೆದುಕೊಳ್ಳುತ್ತಾರೆ ಅಂತ ನೋಡಿ.

ಬೇರೆ ಡಾಕ್ಟರ್ ಹತ್ತಿರ ಹೋದಾಗಲೂ ಇನ್ಹೇಲರ್ ಬಗ್ಗೆ ಹೇಳಲೇಬೇಕು. ಒಮ್ಮೆ ಗಜಕರ್ಣ ಆಗಿ ಚರ್ಮದ ಡಾಕ್ಟರ್ ಇಟ್ರಾಕೊನಜೋಲ್ ಬರೆದರು. ನಾನು ಬುಡೆಸೊನೈಡ್ ತೆಗೆದುಕೊಳ್ಳುತ್ತೇನೆ ಅಂದ ತಕ್ಷಣ ಚೀಟಿ ಬದಲಾಯಿಸಿದರು. ಆ ಮಾತ್ರೆ ಇದ್ದರೆ ಲಿವರ್ ಬುಡೆಸೊನೈಡನ್ನು ಸರಿಯಾಗಿ ಕರಗಿಸುವುದಿಲ್ಲ, ಸ್ಟೀರಾಯ್ಡ್ ಮೈಯಲ್ಲಿ ಜಾಸ್ತಿಯಾಗುತ್ತೆ. ಗಜಕರ್ಣಕ್ಕೆ ಈ ಮಾತ್ರೆ ನಮ್ಮಲ್ಲಿ ಎಷ್ಟು ಸಾಮಾನ್ಯ ಅಂತ ನಿಮಗೇ ಗೊತ್ತು. ಮೆಡಿಕಲ್ ಶಾಪಿನಲ್ಲಿ ಸುಮ್ನೆ ಕೇಳಿ ತೆಗೆದುಕೊಂಡಿದ್ದರೆ ನನಗೆ ಯಾರು ಹೇಳುತ್ತಿದ್ದರು? ಜಾಸ್ತಿ ಡೋಸ್ ವರ್ಷಗಟ್ಟಲೆ ತೆಗೆದುಕೊಳ್ಳುವವರಿಗೆ ಕಣ್ಣಿನ ಪೊರೆ, ಗ್ಲೂಕೋಮಾ, ಮೂಳೆ ಸವೆತದ ಅಪಾಯ ಸ್ವಲ್ಪ ಇದೆ. ಹಾಗಾಗಿ ವರ್ಷಕ್ಕೊಮ್ಮೆ ಕಣ್ಣು ತೋರಿಸುತ್ತೇನೆ. ಇಲ್ಲಿಯವರೆಗೆ ತೊಂದರೆ ಇಲ್ಲ.

ಮೂರು ತಿಂಗಳು ಚೆನ್ನಾಗಿದ್ದೆ ಅಂತ ಖಾತ್ರಿಯಾದ ಮೇಲೆ ಡಾಕ್ಟರೇ ಡೋಸ್ ಇಳಿಸಿದರು, ಮತ್ತೆ ಬೆಳಿಗ್ಗೆ ಒಂದು, ರಾತ್ರಿ ಒಂದು. ನಾನಾಗಿ ಇಳಿಸಲಿಲ್ಲ. ಮನೆಯಲ್ಲಿ ಪೀಕ್ ಫ್ಲೋ ಮೀಟರ್ ಇದೆ, ಉಸಿರನ್ನು ಎಷ್ಟು ಜೋರಾಗಿ ಊದಬಲ್ಲೆ ಅಂತ ಅಳೆಯುವ ಸಾಧನ. ನನ್ನ ಒಳ್ಳೆಯ ದಿನದ ಅಂಕಿ 380. ಅದು 300ಕ್ಕಿಂತ ಕೆಳಗೆ ಬಂದರೆ ಫೋನ್ ಮಾಡಿ ಅಂದಿದ್ದಾರೆ. ವಾರಕ್ಕೆ ಎರಡು ಸಲಕ್ಕಿಂತ ಜಾಸ್ತಿ ನೀಲಿಯದು ಬೇಕಾದರೂ ಫೋನ್. 2021ರಿಂದ ಬುಡೆಸೊನೈಡ್ ಜೊತೆ ಫಾರ್ಮೊಟೆರಾಲ್ (ಉಸಿರಿನ ಕೊಳವೆಯನ್ನು ಹೆಚ್ಚು ಹೊತ್ತು ಸಡಿಲ ಇಡುವ ಮದ್ದು) ಸೇರಿರುವ ಇನ್ಹೇಲರ್ ಬಳಸುತ್ತಿದ್ದೇನೆ. ಬರೀ ನೀಲಿಯದರ ಮೇಲೆ ದೊಡ್ಡವರನ್ನು ಬಿಡಬಾರದು ಅಂತ ಅಸ್ತಮಾದ ಜಾಗತಿಕ ಸಂಸ್ಥೆ ಜೀನಾ 2019ರಲ್ಲೇ ಹೇಳಿತ್ತು. ಆ ಮೊದಲ ವರ್ಷ ನಾನು ಮಾಡಿದ್ದು ಅದೇ ತಪ್ಪು.

ಈಗ ನನ್ನ ತಂಗಿಯ ಒಂಬತ್ತು ವರ್ಷದ ಮಗಳಿಗೂ ಉಬ್ಬಸ. ಈ ಇನ್ಹೇಲರ್ ತೆಗೆದುಕೊಂಡರೆ ಎತ್ತರ ಬೆಳೆಯಲ್ಲ ಅಂತ ತಂಗಿಗೆ ಚಿಂತೆ. ಚಿಕ್ಕಂದಿನಿಂದ ವರ್ಷಗಟ್ಟಲೆ ತೆಗೆದುಕೊಂಡ ಮಕ್ಕಳಲ್ಲಿ ದೊಡ್ಡವರಾದಾಗ ಎತ್ತರ ಸುಮಾರು ಒಂದು ಸೆಂಟಿಮೀಟರ್ ಕಡಿಮೆ ಆಗಬಹುದು, ಅಷ್ಟೇ. ರಾತ್ರಿಯಿಡೀ ಎದ್ದು ಕೂತು ಉಸಿರಿಗೆ ಒದ್ದಾಡುವ ಮಗುವಿನ ಪಕ್ಕ ನಾನು ಕೂತಿದ್ದೇನೆ. ಆ ಒಂದು ಸೆಂಟಿಮೀಟರ್ ನನಗೆ ದೊಡ್ಡದಾಗಿ ಕಾಣುವುದಿಲ್ಲ. ಅವಳಿಗೆ ಸ್ಪೇಸರ್ ಹಿಡಿಯುವುದನ್ನು, ಮುಕ್ಕಳಿಸುವುದನ್ನು ನಾನೇ ಕಲಿಸಿದೆ.

5ರಲ್ಲಿ 4 ನಕ್ಷತ್ರ ಕೊಡುತ್ತೇನೆ. ಮದ್ದಿಗೆ ಪೂರ್ತಿ ಐದು ಕೊಡಬಹುದಿತ್ತು. ಒಂದನ್ನು ಹಿಡಿದಿಟ್ಟಿರುವುದು ಡಬ್ಬಿಯೊಳಗಿನ ಆ ಚೀಟಿಗೆ. ನನಗೆ ಸಿಕ್ಕಿದ್ದೆಲ್ಲ ಇಂಗ್ಲಿಷ್‌ನಲ್ಲಿ, ಭೂತಗನ್ನಡಿ ಬೇಕಾಗುವಷ್ಟು ಚಿಕ್ಕ ಅಕ್ಷರದಲ್ಲಿ. ದಿನಾ ತೆಗೆದುಕೊಳ್ಳಿ, ಬಾಯಿ ಮುಕ್ಕಳಿಸಿ ಉಗುಳಿ, ಕ್ಯಾಪ್ಸೂಲ್ ನುಂಗಬೇಡಿ ಅಂತ ಡಬ್ಬಿಯ ಮೇಲೆ ಕನ್ನಡದಲ್ಲಿ ದೊಡ್ಡದಾಗಿ ಬರೆದ ದಿನ ಆ ಐದನೆಯದನ್ನೂ ಕೊಡುತ್ತೇನೆ.